ಕೇಸ್ ಬುಕ್ಕಿನಲ್ಲಿ ರೋಗಿಯ ಮಾತು ಎಲ್ಲಿದೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ ಕಡೆಯ ಹಳ್ಳಿಗಳಿಂದ ನರ್ಸಿಂಗ್ ಓದಲು ಹೋದ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲಿ ಮನೆಗೆ ಫೋನ್ ಮಾಡಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಅಮ್ಮಾ, ನನ್ ಕೈಲಿ ಆಗ್ತಾ ಇಲ್ಲ.’ ಅತ್ತ ಕಡೆ ಅಮ್ಮ ಸುಮ್ಮನಾಗುತ್ತಾಳೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ ಬಂದ ದುಡ್ಡು ಫೀಸಿಗೆ ಹೋಗಿದೆ, ವಾಪಸ್ ಬಾ ಎನ್ನುವ ಹಾಗಿಲ್ಲ. ‘ಹೆಂಗೋ ಕಷ್ಟಪಟ್ಟು ಓದು ಮಗಳೇ’ ಎನ್ನುತ್ತಾಳೆ.

ಭಾರ ಇರುವುದು ನಿಜ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ತಂದ ನಿಯಮದ ಪ್ರಕಾರ ಬಿ.ಎಸ್ಸಿ. ನರ್ಸಿಂಗ್ ಎಂದರೆ ಎಂಟು ಸೆಮಿಸ್ಟರ್. ಕನ್ನಡ ಮಾಧ್ಯಮದ ಹೈಸ್ಕೂಲಿನಿಂದ ಪಿಯುಸಿ ಹೇಗೋ ದಾಟಿ ಬಂದವಳ ಮುಂದೆ ಮೊದಲ ಆರು ತಿಂಗಳಲ್ಲೇ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಶನ್ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ, ಎಲ್ಲವೂ ಇಂಗ್ಲಿಷಿನಲ್ಲಿ. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಶೇ. 50 ಅಂಕ ಬರಬೇಕು. ಪರೀಕ್ಷೆಗೆ ಕೂರಲು ಶೇ. 80 ಹಾಜರಿ, ಪದವಿ ಕೈಗೆ ಬರಬೇಕಾದರೆ ಪ್ರತಿ ಪ್ರಾಕ್ಟಿಕಲ್ ವಿಭಾಗದಲ್ಲೂ ಶೇ. 100. ಕೊನೆಯ ಸೆಮಿಸ್ಟರಿನಲ್ಲಿ 22 ವಾರ, ವಾರಕ್ಕೆ 48 ಗಂಟೆಯ ಇಂಟರ್ನ್‌ಶಿಪ್.

ಇಷ್ಟಾದರೂ ವರ್ಷಗಟ್ಟಲೆ ವಾರ್ಡಿನಲ್ಲೂ ತರಗತಿಯಲ್ಲೂ ನಿಂತವಳಾಗಿ ನನಗೆ ಅನ್ನಿಸುವುದೇ ಬೇರೆ. ಈ ಮಕ್ಕಳನ್ನು ದಣಿಸುತ್ತಿರುವುದು ಒಂದೇ ಕೆಲಸವನ್ನು ಮೂರು ಕೆಲಸವೆಂದು ಮೂರು ಸಲ ಮಾಡಿಸುವ ನಮ್ಮ ಪದ್ಧತಿ. ತರಗತಿಗೆ ಒಂದು ಓದು, ವಾರ್ಡಿಗೆ ಒಂದು ದುಡಿಮೆ, ಪರೀಕ್ಷೆಗೆ ಒಂದು ಬಾಯಿಪಾಠ. ಮೂರೂ ಒಂದೇ ರೋಗಿಯ ಬಗ್ಗೆ ಎನ್ನುವುದನ್ನು ಅವರಿಗೆ ಯಾರೂ ತೋರಿಸಿಕೊಡುವುದಿಲ್ಲ.

ಕೇಸ್ ಬುಕ್ಕಿನಲ್ಲಿ ರೋಗಿಗಾಗಿ ಬರೆಯುವ ಶುಶ್ರೂಷಾ ಯೋಜನೆ, ಅಂದರೆ ಕೇರ್ ಪ್ಲಾನನ್ನೇ ನೋಡಿ. ಅದರ ಮೊದಲ ಕಲಂ ಶುರುವಾಗುವುದೇ ರೋಗಿ ತಾನಾಗಿ ಹೇಳಿಕೊಂಡ ಮಾತಿನಿಂದ. ಮೆಡಿಕಲ್ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬಳು ಮಲಗಿದ್ದಾಳೆ. ನಮ್ಮ ಕಡೆ ಮನೆಮಾತು ತೆಲುಗು, ಬೀದಿಮಾತು ಕನ್ನಡ, ಎರಡೂ ಕಲಸಿ ಆಡುವವರೇ ಹೆಚ್ಚು. ಅಜ್ಜಿ ಹುಡುಗಿಯ ಕೈ ಹಿಡಿದು ‘ರಾತ್ರಂತಾ ಕಾಳ್ಳು ಮಂಟ, ನಿದ್ರ ಪಟ್ಟದು’ ಎನ್ನುತ್ತಾಳೆ. ರಾತ್ರಿಯಿಡೀ ಕಾಲು ಉರಿ, ನಿದ್ದೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೆಡಿಸಿರಬಹುದು ಎಂಬ ಸೂಚನೆ ಆ ಐದು ಪದಗಳಲ್ಲೇ ಇದೆ. ಇಂಥ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದೆ ಹೋಗಬಹುದು, ಗೊತ್ತಾಗದ ಗಾಯ ಕೀವು ತುಂಬಿ ಬೆರಳು ತೆಗೆಯುವ ತನಕ ಹೋಗಬಹುದು. ಅಂಗಾಲು ನೋಡಬೇಕು, ಬೆರಳ ಸಂದಿ ಬಿಡಿಸಿ ನೋಡಬೇಕು, ಹೊಲಕ್ಕೆ ಬರಿಗಾಲಲ್ಲಿ ಹೋಗುತ್ತಾಳಾ ಎಂದು ಕೇಳಬೇಕು. ಪಠ್ಯಪುಸ್ತಕದ ಡಯಾಬಿಟಿಕ್ ಫುಟ್ ಅಧ್ಯಾಯ ಪೂರ್ತಿ ಆ ಮಂಚದ ಮೇಲೆ ಕೂತಿದೆ.

ಹುಡುಗಿ ಬರೆಯುವುದೇನು? ಸೀನಿಯರ್ ಅಕ್ಕನ ಹಳೇ ರೆಕಾರ್ಡಿನಿಂದ ಇಳಿಸಿಕೊಂಡ ಒಂದು ಇಂಗ್ಲಿಷ್ ಸಾಲು: ಅಕ್ಯೂಟ್ ಪೇನ್, ಅಂದರೆ ಇದ್ದಕ್ಕಿದ್ದಂತೆ ಬಂದ ನೋವು. ಹೊಟ್ಟೆ ಆಪರೇಷನ್ ಆದವಳಿಗೂ ಅದೇ, ಕಾಲು ಮುರಿದವನಿಗೂ ಅದೇ, ಈ ಅಜ್ಜಿಗೂ ಅದೇ. ಮೇಡಂ ಸಹಿ ಹಾಕುತ್ತಾರೆ, ಅಂಕ ಬೀಳುತ್ತದೆ. ಹುಡುಗಿ ಹಾಸ್ಟೆಲಿಗೆ ಹೋಗಿ ರಾತ್ರಿ ಹನ್ನೊಂದರವರೆಗೆ ಡಯಾಬಿಟಿಕ್ ಫುಟ್ ಬಾಯಿಪಾಠ ಮಾಡುತ್ತಾಳೆ. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಬಿಟ್ಟು ರಾತ್ರಿ ನಿದ್ದೆಗೆಟ್ಟು ಹುಡುಕಿದ ಹಾಗಾಯಿತು. ದಣಿವು ಬರದೆ ಇನ್ನೇನು?

ಫಾರ್ಮಕಾಲಜಿಯ ಕಥೆಯೂ ಹೀಗೆಯೇ. ಅಟ್ರೋಪಿನ್ ಎಂಬ ಔಷಧದ ಐದು ಪರಿಣಾಮಗಳನ್ನು ಉರು ಹೊಡೆದವಳು ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾಳೆ. ಆದರೆ ಟೊಮೇಟೊ ತೋಟಕ್ಕೋ ದ್ರಾಕ್ಷಿಗೋ ತಂದಿಟ್ಟ ಕೀಟನಾಶಕ ಕುಡಿದವನನ್ನು ಕ್ಯಾಶುವಾಲಿಟಿಗೆ ಹೊತ್ತು ತಂದಾಗ ಅವಳನ್ನು ಪಕ್ಕದಲ್ಲಿ ನಿಲ್ಲಿಸಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಬಾಯಿಂದ ನೊರೆ, ಎದೆಯಲ್ಲಿ ಗೊರಗೊರ. ಅಟ್ರೋಪಿನ್ ಮೈಗೆ ಇಳಿದ ಹಾಗೆಲ್ಲ ಎದೆಯ ನೀರು ಆರುವುದನ್ನೂ ನಾಡಿ ಏರುವುದನ್ನೂ ಅವಳೇ ಎಣಿಸಿ ಬರೆದರೆ, ಆ ಪುಟವನ್ನು ಅವಳು ಮತ್ತೆ ಓದಬೇಕಾಗಿಲ್ಲ.

ಇದಕ್ಕೆ ಹಿರಿಯರಿಂದ ಬರುವ ಉತ್ತರ ನನಗೆ ಗೊತ್ತು. ‘ನಾವೂ ಹೀಗೇ ಬಂದೋರು, ಕಷ್ಟ ಬಿದ್ದರೇನೇ ಗಟ್ಟಿಯಾಗೋದು.’ ಈ ವಾದವನ್ನು ನಾನು ಗೌರವದಿಂದಲೇ ಕೇಳಿದ್ದೇನೆ, ಒಪ್ಪಲಾರೆ. ನಾನು ಕಲಿಯುವಾಗ ಒಂದು ಆಸ್ಪತ್ರೆಯಲ್ಲಿ ತಿಂಗಳು ಪೂರ್ತಿ ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ಫಾರ್ಮಸಿಯಿಂದ ಔಷಧ ತರುವುದು, ಟ್ರಾಲಿ ತಳ್ಳುವುದು ಇಷ್ಟೇ ಮಾಡಿದೆ. ಲಾಗ್ ಬುಕ್ಕಿನಲ್ಲಿ ಮಾತ್ರ ಎಲ್ಲ ಪ್ರೊಸೀಜರುಗಳಿಗೂ ಸಹಿ ಬಿತ್ತು. ಅದರಿಂದ ನನ್ನ ಕಾಲು ಗಟ್ಟಿಯಾಯಿತು ಅಷ್ಟೇ. ಮುಂದೆ ಕೆಲಸಕ್ಕೆ ಸೇರಿ ಮೊದಲ ಸಲ ಒಬ್ಬಳೇ ಕ್ಯಾಥೆಟರ್ ಹಾಕಲು ನಿಂತಾಗ ನಡುಗಿದ ಕೈ ನನಗಿನ್ನೂ ನೆನಪಿದೆ. ಆ ನಡುಕದ ಬೆಲೆ ತೆತ್ತವರು ಮಂಚದ ಮೇಲಿದ್ದವರು.

ವಿದ್ಯಾರ್ಥಿಯನ್ನು ಸಂಬಳವಿಲ್ಲದ ಕೈಯಾಗಿ ಕಾಣುವ ಅಭ್ಯಾಸ ಬಹಳ ಹಳೆಯದು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಕಾಲದಿಂದಲೂ ನರ್ಸಿಂಗ್ ಶಾಲೆ ಎಂದರೆ ಆಸ್ಪತ್ರೆಗೆ ಅಂಟಿಕೊಂಡದ್ದು, ದುಡಿಯುತ್ತಾ ಕಲಿಯುವುದು. ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಪದವಿ ಶಿಕ್ಷಣ ಶುರುವಾಗಿ, ನರ್ಸ್ ಆಗುವವಳು ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಹೌದು ಎಂದಾಯಿತು. ವಾರ್ಡಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ ಎನ್ನುವುದು ಪರಿಷತ್ತಿನ ಮಾನದಂಡ. ಆ ಶಿಕ್ಷಕಿ ಹಾಜರಿ ಹಾಕಿ ಹೊರಟುಹೋಗದೆ ಮಂಚದ ಪಕ್ಕ ನಿಂತರೆ ಮಾತ್ರ ಅದಕ್ಕೆ ಅರ್ಥ. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಹದಿನೈದು ನಿಮಿಷ, ಇವತ್ತು ನಿನ್ನ ರೋಗಿ ಯಾರು, ಅವರಿಗೆ ಏನು ಮಾಡುತ್ತೀಯ ಎಂದು ಕೇಳಿದರೆ ಸಾಕು, ಅವತ್ತಿನ ಅರ್ಧ ಓದು ಅಲ್ಲೇ ಮುಗಿಯುತ್ತದೆ. ಅಂಥ ಮೇಡಂ ಒಬ್ಬರು ನನಗೂ ಸಿಕ್ಕಿದ್ದರು, ಎರಡೇ ತಿಂಗಳು. ನನ್ನ ಓದು ನಿಂತಿರುವುದು ಆ ಎರಡು ತಿಂಗಳ ಮೇಲೆ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಅಳುಕಿಲ್ಲದೆ. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಮುಂದೆ ಬೆಂಗಳೂರಿಗೋ ಗಲ್ಫಿಗೋ ಹೋಗಬೇಕಾದವರಿಗೆ ಇಂಗ್ಲಿಷ್ ಬೇಕೇ ಬೇಕು. ಅದನ್ನು ತಳ್ಳಿಹಾಕುವವರು ಬಡ ಮಕ್ಕಳಿಗೆ ದ್ರೋಹ ಮಾಡುತ್ತಾರೆ. ಆದರೆ ಅರ್ಥವಾಗುವುದು ಮೊದಲು, ಇಂಗ್ಲಿಷಿಗೆ ತಿರುಗಿಸುವುದು ಆಮೇಲೆ. ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳುವುದು ಇಷ್ಟೇ: ಏಪ್ರನ್ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಒಬ್ಬ ರೋಗಿ. ಹೆಸರು ಬೇಡ. ಅವರು ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ, ಕನ್ನಡವಾಗಲಿ ತೆಲುಗಾಗಲಿ, ಬರೆಯಿರಿ. ಕೆಳಗೆ ಅದು ಏಕೆ ಎಂದು ನಿಮ್ಮ ಮಾತಿನಲ್ಲಿ ಎರಡು ಸಾಲು. ರಾತ್ರಿ ಪುಸ್ತಕದಲ್ಲಿ ಆ ಒಂದು ಪುಟ ಮಾತ್ರ ಹುಡುಕಿ ಓದಿ, ಇಂಗ್ಲಿಷಿನಲ್ಲಿ ಐದು ಸಾಲು ಬರೆದು ಮಲಗಿ. ನೈಟ್ ಡ್ಯೂಟಿ ಮುಗಿದ ದಿನ ಅದೂ ಬೇಡ, ನಿದ್ದೆ ಮಾಡಿ. ದಣಿದ ಕಣ್ಣು ಡೋಸಿನ ಚುಕ್ಕಿಯನ್ನು ತಪ್ಪಾಗಿ ಓದುತ್ತದೆ.

ನಮ್ಮ ಕಡೆಯ ಮಕ್ಕಳು ಖಾಲಿ ಕೈಯಲ್ಲಿ ಬಂದವರಲ್ಲ ಎನ್ನುವುದನ್ನೂ ಯಾರಾದರೂ ಅವರಿಗೆ ಹೇಳಬೇಕು. ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಬಗ್ಗೆ ಕಮ್ಯುನಿಟಿ ಹೆಲ್ತ್ ಪುಸ್ತಕದಲ್ಲಿರುವ ಅಧ್ಯಾಯ ಬೇರೆಯವರಿಗೆ ಚಿತ್ರಪಟ. ಚಿಕ್ಕಬಳ್ಳಾಪುರ ಜಿಲ್ಲೆಯ ಆಳದ ಕೊಳವೆಬಾವಿ ನೀರು ಕುಡಿದು ಬೆಳೆದವಳಿಗೆ ಹಲ್ಲಿನ ಕಂದು ಗೆರೆ ಪಕ್ಕದ ಮನೆಯಲ್ಲೇ ಇದೆ. ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನಲ್ಲಿ ನೆಂದು ಬಿರಿದ ಬೆರಳುಗಳನ್ನು ಅವಳು ಶಿಡ್ಲಘಟ್ಟದ ನೆಂಟರ ಮನೆಯಲ್ಲಿ ಕಂಡಿದ್ದಾಳೆ.

ಹೋದ ವರ್ಷ ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳಿಗೆ ವಾರ್ಡಿನಲ್ಲಿ ಹೆಲ್ತ್ ಟಾಕ್ ಇತ್ತು. ಇಂಗ್ಲಿಷಿನಲ್ಲಿ ಬಣ್ಣಬಣ್ಣದ ಚಾರ್ಟ್ ಬರೆದು ತಂದಿದ್ದಳು, ಅಂಕ ಇರುವುದು ಚಾರ್ಟಿಗೆ ಎಂದುಕೊಂಡು. ಎರಡು ವಾಕ್ಯ ಓದಿ ನಿಲ್ಲಿಸಿದಳು. ಚಾರ್ಟ್ ಗೋಡೆಗೆ ಒರಗಿಸಿ, ಅಜ್ಜಿಯೊಬ್ಬಳ ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತು, ‘ಅವ್ವಾ, ಕಾಲು ಚಾಪು’ ಎಂದಳು. ಅಜ್ಜಿ ಕಾಲು ಚಾಚಿದಳು. ಕಿರುಬೆರಳ ಸಂದಿಯಲ್ಲಿ ಎರಡು ದಿನದ ಹಸಿ ಗಾಯ ಇತ್ತು. ಅಲ್ಲಿವರೆಗೆ ಯಾರೂ ನೋಡಿರಲಿಲ್ಲ.