ಕೊಳ್ಳುವವನ ಊರೇ ತೆರಿಗೆಯ ಊರು

ಆಳಂದದ ತೊಗರಿ ಸೊಲ್ಲಾಪುರದ ಪೇಟೆ ಮುಟ್ಟಬೇಕಾದರೆ ಒಂದು ಕಾಲಕ್ಕೆ ನಡುವೆ ಸುಂಕದ ನಾಕೆ ದಾಟಬೇಕಿತ್ತು. 1948ರ ಸೆಪ್ಟೆಂಬರ್‌ವರೆಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನೆರೆಯ ಸೊಲ್ಲಾಪುರ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ನಿಜಾಮ ಸರ್ಕಾರದ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಸರಕು ಕಣ್ಣಿಗೆ ಕಾಣುತ್ತಿತ್ತು, ಗಡಿಯೂ ಕಾಣುತ್ತಿತ್ತು. ಯಾರು ಎಲ್ಲಿ ಸುಂಕ ಕಟ್ಟಬೇಕೆಂಬುದರಲ್ಲಿ ಗೊಂದಲವಿರಲಿಲ್ಲ.

ಈಗ ಅದೇ ಆಳಂದದ ಹುಡುಗನೊಬ್ಬ ಮೊಬೈಲ್ ಹಿಡಿದು ಕುಳಿತಲ್ಲಿಂದಲೇ ತೊಗರಿ ಬೇಳೆಯನ್ನು ಬೆಂಗಳೂರಿಗೂ ಪುಣೆಗೂ ಮಾರಬಲ್ಲ. ಅಂತರ್ಜಾಲದ ದಾರಿಯಲ್ಲಿ ನಾಕೆಯಿಲ್ಲ. ಹಾಗಾದರೆ ವ್ಯಾಪಾರ ನಡೆದದ್ದು ಎಲ್ಲಿ? ಮಾರಿದವನ ಊರಲ್ಲೋ, ಕೊಂಡವನ ಮನೆಯಲ್ಲೋ, ಗಣಕಯಂತ್ರ ಇಟ್ಟಿರುವ ದೂರದ ದೇಶದಲ್ಲೋ? ಇಪ್ಪತ್ತೈದು ವರ್ಷಗಳಿಂದ ಜಗತ್ತಿನ ಸರ್ಕಾರಗಳನ್ನೆಲ್ಲ ಕಾಡಿದ ಪ್ರಶ್ನೆ ಇದು.

ಮೊದಮೊದಲು ದೇಶಗಳು ಕಾದು ನೋಡಿದವು. ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 1998ರಲ್ಲಿ ಜಿನೀವಾದಲ್ಲಿ ಸೇರಿ, ಅಂತರ್ಜಾಲದ ಮೂಲಕ ಬರುವ ತಂತ್ರಾಂಶ, ಹಾಡು, ಚಿತ್ರಗಳಿಗೆ ಸದ್ಯ ಆಮದು ಸುಂಕ ಹಾಕುವುದು ಬೇಡವೆಂದು ಒಪ್ಪಿಕೊಂಡವು. ಆದರೆ ದೇಶದೊಳಗಿನ ಮಾರಾಟ ತೆರಿಗೆಯ ಮಾತೇ ಬೇರೆ. ಅಮೆರಿಕದ ಸುಪ್ರೀಂ ಕೋರ್ಟು 1992ರಲ್ಲಿ, ಒಂದು ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ಮಾರಾಟಗಾರನಿಂದ ಆ ರಾಜ್ಯ ತೆರಿಗೆ ವಸೂಲು ಮಾಡಿಸುವಂತಿಲ್ಲ ಎಂದಿತ್ತು. ಅದೇ ಕೋರ್ಟು 2018ರ ಜೂನ್‌ನಲ್ಲಿ ದಕ್ಷಿಣ ಡಕೋಟಾ ರಾಜ್ಯದ ಮೊಕದ್ದಮೆಯಲ್ಲಿ ತನ್ನ ಹಳೆಯ ತೀರ್ಪನ್ನು ತಾನೇ ಬದಿಗಿಟ್ಟಿತು. ಯುರೋಪಿನ ಒಕ್ಕೂಟ 2015ರ ಜನವರಿ 1ರಿಂದಲೇ, ಗಣಕದ ಮೂಲಕ ಮಾರುವ ಸೇವೆಗಳಿಗೆ ಗ್ರಾಹಕ ಇರುವ ದೇಶದ ತೆರಿಗೆ ಎಂಬ ನಿಯಮ ತಂದಿತ್ತು. ಒಟ್ಟಿನಲ್ಲಿ ಮಾರಾಟ ತೆರಿಗೆ ಮಾರುವವನ ಊರನ್ನು ಬಿಟ್ಟು ಕೊಳ್ಳುವವನ ಬಾಗಿಲಿಗೆ ಬಂದು ನಿಂತಿತು.

ಭಾರತದ ಹಾದಿಯೂ ಇದೇ. ಇಲ್ಲಿ ಕಚೇರಿಯೇ ಇಲ್ಲದ ವಿದೇಶಿ ಕಂಪನಿಗಳು ಇಲ್ಲಿನ ಜಾಹೀರಾತಿನಿಂದ ಗಳಿಸುವ ಹಣದ ಮೇಲೆ 2016ರ ಜೂನ್ 1ರಿಂದ ಶೇ. 6ರ ಸಮೀಕರಣ ತೆರಿಗೆ ಬಂತು. 2020ರಲ್ಲಿ ಅಂತರ್ಜಾಲ ಮಾರಾಟಕ್ಕೂ ಶೇ. 2 ಸೇರಿತು. ಅಮೆರಿಕ ಇದಕ್ಕೆ ಆಕ್ಷೇಪಿಸಿತು. ಶೇ. 2ರದ್ದು 2024ರ ಆಗಸ್ಟ್ 1ಕ್ಕೆ, ಶೇ. 6ರದ್ದು 2025ರ ಏಪ್ರಿಲ್ 1ಕ್ಕೆ ರದ್ದಾದವು. ದೊಡ್ಡ ಕಂಪನಿಗಳ ಲಾಭದಲ್ಲಿ ಯಾವ ದೇಶಕ್ಕೆ ಎಷ್ಟು ಪಾಲು ಎಂಬ ಜಗಳ ಅಷ್ಟು ಸುಲಭಕ್ಕೆ ಬಗೆಹರಿಯುವಂಥದಲ್ಲ.

ಇದೆಲ್ಲ ದೊಡ್ಡವರ ಲೆಕ್ಕ, ನಮ್ಮ ಮಕ್ಕಳಿಗೇನು ಎಂದು ಪಾಲಕರು ಕೇಳಬಹುದು. ಲೆಕ್ಕ ಮನೆಬಾಗಿಲಿಗೇ ಬಂದಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ಹೋದವು, ಆದರೆ ಗಡಿ ಕಾಗದದಲ್ಲಿ ಉಳಿಯಿತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೊರಗೆ ಬೇಡಿಕೆಯಿದೆ. ಬೇಳೆಯನ್ನು ಚೀಲ ತುಂಬಿ, ಹೆಸರು ಅಂಟಿಸಿ ಮಾರಿದರೆ 2022ರ ಜುಲೈ 18ರಿಂದ ಅದಕ್ಕೆ ಶೇ. 5 ತೆರಿಗೆ. ವರ್ಷದ ವಹಿವಾಟು 40 ಲಕ್ಷ ರೂ. ದಾಟದ ಸಣ್ಣ ವ್ಯಾಪಾರಿ ಜಾಲತಾಣದ ಮೂಲಕ ರಾಜ್ಯದೊಳಗೇ ಮಾರುವುದಾದರೆ, 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ; ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಆದರೆ ಅದೇ ಚೀಲ ಮಗ್ಗುಲಲ್ಲಿರುವ ಅಕ್ಕಲಕೋಟೆಗೆ ಹೋದರೆ ಅದು ಅಂತರರಾಜ್ಯ ವ್ಯಾಪಾರ. ಮೊದಲ ಚೀಲಕ್ಕೇ ನೋಂದಣಿ ಬೇಕು. ದೂರದ ಬೆಂಗಳೂರು ಹತ್ತಿರ, ಹತ್ತಿರದ ಅಕ್ಕಲಕೋಟೆ ದೂರ! ಮೇಲಾಗಿ ಆ ಮಾರಾಟದ ತೆರಿಗೆಯಲ್ಲಿ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ ಸಲ್ಲುತ್ತದೆ, ಕೊಂಡವರು ಅಲ್ಲಿನವರಾದ ಕಾರಣ.

ಕಲಬುರಗಿ ರೊಟ್ಟಿಯ ಕಥೆ ಇದಕ್ಕಿಂತ ಹಗುರ. ಜಿಲ್ಲೆಯ ಮಹಿಳೆಯರು ತಟ್ಟುವ ಜೋಳದ ರೊಟ್ಟಿ ಅಂತರ್ಜಾಲದಲ್ಲಿ ಮಾರಾಟವಾಗಿ, 2025ರ ಜೂನ್ 29ರಂದು ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಹೆಸರು ಪಡೆಯಿತು. ರೊಟ್ಟಿ, ಚಪಾತಿಗಳ ಮೇಲಿದ್ದ ಶೇ. 5 ತೆರಿಗೆ ಅದೇ ವರ್ಷ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಯಿತು. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಹಂಗಿಲ್ಲ. ಹಾಗಾಗಿ ತಾನು ಮಾರುವ ವಸ್ತುವಿನ ಮೇಲೆ ತೆರಿಗೆ ಉಂಟೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಯಬೇಕು.

ಜೇವರ್ಗಿಯ ಕಾಲೇಜು ವಿದ್ಯಾರ್ಥಿಯೊಬ್ಬ ನಗೆಚಿತ್ರ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರೂ ಅದನ್ನು ನೋಡುತ್ತಾರೆ. 2021ರಲ್ಲಿ ಬಂದ ನಿಯಮದಂತೆ, ಅಮೆರಿಕದ ನೋಡುಗರಿಂದ ಬಂದ ಗಳಿಕೆಯಲ್ಲಿ ಆ ದೇಶದ ತೆರಿಗೆ ಮುರಿದುಕೊಳ್ಳಲಾಗುತ್ತದೆ. ಭಾರತ ಮತ್ತು ಅಮೆರಿಕ 1989ರಲ್ಲಿ ಮಾಡಿಕೊಂಡ ಒಪ್ಪಂದದ ಲಾಭ ಕೇಳಿ ಅರ್ಜಿ ತುಂಬಿದರೆ ಅದು ಶೇ. 15. ಏನನ್ನೂ ತುಂಬದೆ ಸುಮ್ಮನಿದ್ದರೆ ಜಗತ್ತಿನ ಎಲ್ಲ ಕಡೆಯ ಗಳಿಕೆಯ ಮೇಲೂ ಶೇ. 24ರವರೆಗೆ ಮುರಿಯಬಹುದು. ಅಲ್ಲಿ ಕಟ್ಟಿದ್ದನ್ನು ಇಲ್ಲಿನ ಆದಾಯ ತೆರಿಗೆಯಲ್ಲಿ ತೋರಿಸಿ ಕಳೆದುಕೊಳ್ಳಲು ಅವಕಾಶವಿದೆ; ಆದರೆ ಕಾಗದವಿರಬೇಕು.

ಕಾಗದವಿಲ್ಲದಿದ್ದರೆ ಏನಾಗುತ್ತದೆಂದು 2025ರ ಜುಲೈನಲ್ಲಿ ಇಡೀ ಕರ್ನಾಟಕ ಕಂಡಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ನೋಟಿಸು ಬಂತು. ಎಷ್ಟೋ ಅಂಗಡಿಗಳವರು ಸ್ಕ್ಯಾನ್ ಮಾಡುವ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಆಗಲೇಬೇಕು ಎಂದರು. ಖಾತೆಗೆ ಬಿದ್ದ ಹಣವೆಲ್ಲ ತೆರಿಗೆಗೆ ಒಳಪಡುವ ವ್ಯಾಪಾರವಲ್ಲ, ನಿಜ. ಮಗಳ ಮದುವೆಗೆ ಪಡೆದ ಕೈಗಡವೂ ತಮ್ಮ ಕಳಿಸಿದ ಹಣವೂ ಅದರಲ್ಲಿರುತ್ತದೆ. ಆದರೆ ಹಾಗೆಂದು ತೋರಿಸಲು ಲೆಕ್ಕದ ಪುಸ್ತಕ ಬೇಕು.

ಕೊಳ್ಳುವವನ ಬಾಗಿಲಿಗೆ ಬಂದದ್ದು ತೆರಿಗೆ ಮಾತ್ರವಲ್ಲ, ನ್ಯಾಯವೂ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದರಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಫಜಲಪುರದಲ್ಲಿ ಕುಳಿತು ತರಿಸಿದ ಸರಕು ಕೆಟ್ಟಿದ್ದರೆ ಕಂಪನಿಯ ಊರಾದ ದಿಲ್ಲಿಗೋ ಮುಂಬಯಿಗೋ ಅಲೆಯಬೇಕಿಲ್ಲ. ಕಲಬುರಗಿಯ ಗ್ರಾಹಕರ ಆಯೋಗ ಸಾಕು. ಈ ಊರಿನ ಹುಡುಗ ಮಾರುವವನಾದರೆ ಅದೇ ನಿಯಮ ಅವನಿಗೂ ತಗುಲುತ್ತದೆ. ದೂರದ ಗ್ರಾಹಕ ತನ್ನ ಊರಿಗೇ ಅವನನ್ನು ಕರೆಸಬಹುದು.

ಆದ್ದರಿಂದ ಮಕ್ಕಳು ಅಂತರ್ಜಾಲದಲ್ಲಿ ಅಂಗಡಿ ತೆರೆಯುತ್ತೇವೆ ಎಂದಾಗ ಪಾಲಕರು ಹೆದರಬೇಕಿಲ್ಲ, ಬೇಡವೆನ್ನಬೇಕಿಲ್ಲ. ಮೂರು ಮಾತು ಕೇಳಿದರೆ ಸಾಕು. ಮಾರುವುದೇನು? ಕೊಳ್ಳುವವರು ಯಾವ ಊರಿನವರು? ಬಂದ ಹಣದ ಲೆಕ್ಕ ಎಲ್ಲಿ ಬರೆದಿದ್ದೀಯ? ವ್ಯಾಪಾರಕ್ಕೊಂದು, ಮನೆಗೊಂದು ಬ್ಯಾಂಕ್ ಖಾತೆ ಬೇರೆ ಬೇರೆ ಇರಲಿ. ಮಾರಿದ್ದಕ್ಕೆಲ್ಲ ರಸೀದಿ ಇರಲಿ. ತಿಂಗಳಿಗೊಮ್ಮೆ ತಾಲ್ಲೂಕಿನ ತೆರಿಗೆ ಸಲಹೆಗಾರರ ಬಳಿ ಅರ್ಧ ಗಂಟೆ ಕುಳಿತು ಲೆಕ್ಕ ತೋರಿಸಿದರೆ, ಮುಂದೆ ನೋಟಿಸು ಬಂದಾಗ ಮನೆಮಂದಿಯೆಲ್ಲ ನಿದ್ದೆಗೆಡಬೇಕಾಗುವುದಿಲ್ಲ.