ಗಡಿಯ ಬಾಗಿಲು ಮತ್ತು ಸಾಲಿನ ಗಣಿತ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಮಾಡಿರಬೇಕು. ಸುಂಕದ ಕಟ್ಟೆಯ ಇಂದಿನ ರೂಪವನ್ನು ಕಾಣಬೇಕಾದರೆ ಪಶ್ಚಿಮ ಬಂಗಾಳದ ಪೆಟ್ರಾಪೋಲನ್ನು ನೋಡಬೇಕು. ಕಲ್ಕತ್ತೆಯಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ, ಹಳೆಯ ಹೆಮ್ಮರಗಳ ನೆರಳಿನ ಜೆಸ್ಸೋರ್ ರಸ್ತೆಯು ಬಾಂಗ್ಲಾದೇಶವನ್ನು ಮುಟ್ಟುವೆಡೆಯಲ್ಲಿ ಈ ಊರಿದೆ. ಗಡಿಯಾಚೆ ಬೇನಾಪೋಲ್. ಉಭಯ ದೇಶಗಳ ಭೂಮಾರ್ಗದ ವ್ಯಾಪಾರದ ದೊಡ್ಡ ಪಾಲು ಬಹುಕಾಲದಿಂದ ಈ ಒಂದು ಬಾಗಿಲಿನಲ್ಲಿಯೇ ಸಾಗುತ್ತ ಬಂದಿದೆ.

ಬಾಗಿಲನ್ನು ಹಿಗ್ಗಿಸುವ ಕಾರ್ಯ ನಡೆಯದೆ ಇಲ್ಲ. 2016ರಲ್ಲಿ ಇಲ್ಲಿ ಸಂಯುಕ್ತ ತಪಾಸಣಾ ಠಾಣೆಯು ಉದ್ಘಾಟನೆಗೊಂಡಿತು. 2024ರ ಅಕ್ಟೋಬರಿನಲ್ಲಿ ಹೊಸ ಪ್ರಯಾಣಿಕರ ನಿಲ್ದಾಣವೂ ಸರಕಿನ ಲಾರಿಗಳಿಗಾಗಿ ‘ಮೈತ್ರಿ ದ್ವಾರ’ವೂ ತೆರೆದವು. ಸಂತೋಷವೇ. ಆದರೆ ಮೊದಲ ಕಟ್ಟಡವೆದ್ದು ಐದು ವರ್ಷಗಳಾದ ಮೇಲೆ, 2021ರಲ್ಲಿ, ವಿಶ್ವ ಬ್ಯಾಂಕಿನ ವರದಿಯೊಂದು ಹೇಳಿದುದೇನು? ಇಲ್ಲಿ ಗಡಿ ದಾಟಲು ಸರಕಿಗೆ ಹಲವು ದಿನಗಳು ಹಿಡಿಯುತ್ತವೆ. ಪೂರ್ವ ಆಫ್ರಿಕದಲ್ಲಿ ಇಷ್ಟೇ ಸಂಚಾರವುಳ್ಳ ಗಡಿಗಳಲ್ಲಿ ಆರು ಗಂಟೆಯೂ ಬೇಕಾಗದು. ಕಟ್ಟಡ ಬೆಳೆದರೂ ಸಾಲು ಏಕೆ ಕರಗಲಿಲ್ಲ?

ಸಾಲಿನ ಸ್ವಭಾವವನ್ನು ಗಣಿತದಿಂದ ಹಿಡಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಆತನು 1909ರಲ್ಲಿ ಈ ವಿಷಯದ ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದನು. ಸರಳವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಗೇಟಿನಲ್ಲಿ ತಪಾಸಣೆಗೆ ಸರಾಸರಿ ಒಂದು ನಿಮಿಷ ಬೇಕು. ಎಂದರೆ ಗಂಟೆಗೆ 60 ಲಾರಿಗಳು ದಾಟಬಲ್ಲವು. ಲಾರಿಗಳು ಬರುವ ಹೊತ್ತೂ ತಪಾಸಣೆಯ ಅವಧಿಯೂ ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿರಲಿ. ಗಂಟೆಗೆ 54 ಲಾರಿಗಳು ಬಂದರೆ ಪ್ರತಿಯೊಂದೂ ಸರಾಸರಿ 10 ನಿಮಿಷ ಗೇಟಿನಲ್ಲಿ ಕಳೆಯುತ್ತದೆ. 59 ಬಂದರೋ? ಪೂರ್ತಿ ಒಂದು ಗಂಟೆ! ಐದೇ ಲಾರಿಗಳು ಹೆಚ್ಚಿದುದಕ್ಕೆ ಕಾಯುವಿಕೆ ಆರು ಪಟ್ಟಾಯಿತು. ಈಗ ತಪಾಸಣೆಯಲ್ಲಿ ಬರಿಯ 6 ಸೆಕೆಂಡುಗಳನ್ನು ಉಳಿಸಿರಿ. ಅದೇ 59 ಲಾರಿಗಳಿಗೆ ಸರಾಸರಿ 8 ನಿಮಿಷ ಸಾಕಾಗುತ್ತದೆ. ಕರಿಹಲಗೆಯ ಮೇಲೆ ಇದನ್ನು ಬರೆದಾಗ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ. ನೀವೂ ಮಾಡಿ ನೋಡಬಹುದು. ಗಂಟೆಯ ಸಾಮರ್ಥ್ಯದಿಂದ ಗಂಟೆಯ ಆಗಮನವನ್ನು ಕಳೆದು, ಉಳಿದುದರಿಂದ 60 ನಿಮಿಷವನ್ನು ಭಾಗಿಸಿದರಾಯಿತು.

ಪೆಟ್ರಾಪೋಲಿನಲ್ಲಿ ಗೇಟು ಒಂದೇ ಅಲ್ಲ, ಮೇಜುಗಳೂ ಹಲವು. ಅವುಗಳಲ್ಲಿ ಅತ್ಯಂತ ನಿಧಾನವಾದುದೇ ಎಲ್ಲಕ್ಕೂ ವೇಗವನ್ನು ವಿಧಿಸುತ್ತದೆ. ಭಾರತದ ಲಾರಿ ಬೇನಾಪೋಲಿಗೆ ಹೋಗಿ ಸರಕನ್ನಿಳಿಸಬೇಕು. ಅಲ್ಲಿಂದ ಮುಂದಕ್ಕೆ ಬಾಂಗ್ಲಾದೇಶದ ಲಾರಿ ಅದನ್ನು ಹೊರಬೇಕು. ಆಚೆಯ ಉಗ್ರಾಣ ತುಂಬಿದ್ದರೆ ಈಚೆಯ ದ್ವಾರವನ್ನು ಎಷ್ಟು ಅಗಲ ಮಾಡಿದರೇನು? ಆದುದರಿಂದಲೇ, 2022ರಲ್ಲಿ ಪಶ್ಚಿಮ ಬಂಗಾಳ ಸರಕಾರವು ತಂದ ‘ಸುವಿಧಾ’ ಎಂಬ ಏರ್ಪಾಡು ನನಗೆ ಅನೇಕ ಕಟ್ಟಡಗಳಿಗಿಂತ ಹೆಚ್ಚು ವೈಜ್ಞಾನಿಕವೆನಿಸುತ್ತದೆ. ಲಾರಿಯವನು ಮುಂಚಿತವಾಗಿ ತನ್ನ ಸರದಿಯನ್ನು ಕಾದಿರಿಸಿ ಆ ಹೊತ್ತಿಗೆ ಬರುತ್ತಾನೆ. ಆಗಮನದ ಏರಿಳಿತ ತಗ್ಗುತ್ತದೆ. ಶುಲ್ಕ ತೆರಬೇಕಾದುದು ಬೇರೆ ಮಾತು.

ಕ್ಷ-ಕಿರಣ ಯಂತ್ರಗಳ ಮೇಲೂ ಅತಿಯಾದ ಭರವಸೆ ಬೇಡ. ಆಸ್ಪತ್ರೆಯ ಕಿರಣಗಳಿಗಿಂತ ಹತ್ತಾರು ಪಟ್ಟು ಚೈತನ್ಯವುಳ್ಳ ಕಿರಣಗಳನ್ನು ವೇಗವರ್ಧಕದಿಂದ ಉತ್ಪಾದಿಸಿ, ತುಂಬಿದ ಲಾರಿಯ ಒಳಗನ್ನು ಬಿಚ್ಚದೆಯೇ ನೋಡಬಹುದು. ಸುಮಾರು 30 ಸೆಂಟಿಮೀಟರು ದಪ್ಪದ ಉಕ್ಕನ್ನೂ ಅವು ಹಾಯಬಲ್ಲವು. ಆದರೆ ಚಿತ್ರವು ತೋರುವುದು ಎಲ್ಲಿ ದಟ್ಟ, ಎಲ್ಲಿ ತೆಳು ಎಂಬುದನ್ನು. ಈರುಳ್ಳಿಯ ಮೂಟೆಗಳ ನಡುವೆ ಇರಬಾರದ ನೆರಳಾವುದೆಂದು ತೀರ್ಮಾನಿಸಲು ನುರಿತ ಕಣ್ಣು ಬೇಕೇ ಬೇಕು. ಯಂತ್ರವನ್ನು ಕೊಂಡು ಓದುವವರನ್ನು ನೇಮಿಸದಿದ್ದರೆ ಸಾಲಿಗೆ ಇನ್ನೊಂದು ಮೇಜು ಸೇರಿತಷ್ಟೆ.

ಇದು ಬರಿಯ ಲೆಕ್ಕದ ವಿನೋದವಲ್ಲ. ಸಾಲಿನಲ್ಲಿ ಕೊಳೆಯುವುದು ಯಾರೋ ಬೆಳೆದ ಈರುಳ್ಳಿ. ಲಾರಿಯಡಿಯಲ್ಲಿ ರಾತ್ರಿ ಕಳೆಯುವವನು ಯಾರದೋ ಮನೆಯ ಯಜಮಾನ. ಮರಗಳ ಮಾತೂ ಇದೆ. ಬಾರಾಸತ್‌ನಿಂದ ಪೆಟ್ರಾಪೋಲಿನವರೆಗಿನ ರಸ್ತೆಯಲ್ಲಿ ಐದು ರೈಲು ಮೇಲ್ಸೇತುವೆಗಳಿಗಾಗಿ 356 ಮರಗಳನ್ನು ಕಡಿಯುವ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಾಲಯವು ನೇಮಿಸಿದ ತಜ್ಞರ ಸಮಿತಿಯು 2021ರಲ್ಲಿ, ಮರವೊಂದರ ಬೆಲೆಯನ್ನು ಅದರ ವಯಸ್ಸಿನ ಒಂದೊಂದು ವರ್ಷಕ್ಕೆ 74,500 ರೂಪಾಯಿಗಳಂತೆ ಕಟ್ಟಿತು. 2023ರ ಫೆಬ್ರವರಿಯಲ್ಲಿ ಕಡಿಯಲು ಅನುಮತಿ ದೊರೆಯಿತು.

ರೈಲುಗೇಟಿನಲ್ಲಿ ನಿಂತ ಆಂಬ್ಯುಲೆನ್ಸನ್ನು ನೆನೆದರೆ ಆ ಸೇತುವೆಗಳೇ ಬೇಡವೆನ್ನಲು ನನಗೆ ಮನಸ್ಸಾಗದು. ಆದರೆ ಗಡಿಯ ಲಾರಿಗಳ ಹೆಸರಿನಲ್ಲಿ ರಸ್ತೆಯನ್ನು ಅಗಲಿಸುವುದಾದರೆ, ಲಾರಿ ಸಾಲಿನ ಬಾಲವನ್ನು ಬೇಗ ಮುಟ್ಟುತ್ತದೆಯೇ ಹೊರತು ಗಡಿಯನ್ನಲ್ಲ. ಮೊದಲು ಪ್ರತಿಯೊಂದು ಲಾರಿಯೂ ಯಾವ ಮೇಜಿನ ಮುಂದೆ ಎಷ್ಟು ನಿಮಿಷ ನಿಂತಿತೆಂಬ ಪಟ್ಟಿಯನ್ನು ಬೇನಾಪೋಲಿನವರೂ ನಮ್ಮವರೂ ಕೂಡಿ ತಯಾರಿಸಿ, ತಿಂಗಳಿಗೊಮ್ಮೆ ಸಾರ್ವಜನಿಕರಿಗೆ ಪ್ರಕಟಿಸಲಿ. ಅದಕ್ಕೆ ಬೇಕಾಗುವುದು ಗಡಿಯಾರ ಮತ್ತು ಕಾಗದ, ಮರ ಕಡಿಯಬೇಕಾಗಿಲ್ಲ.