ಹಳೇ ಲ್ಯಾಪ್‌ಟಾಪಿಗೆ ಹೊಸಾ ಪ್ರೊಸೆಸರ್ ಬ್ಯಾಡ, ಮೊದಲ ಇಷ್ಟ ನೋಡ್ರಿ

ಈ ಸಲ ಅಡಗಿ ಮಾತಲ್ಲ, ಲ್ಯಾಪ್‌ಟಾಪಿನ ಮಾತು. ನಮಗೇನು ತಿಳೀತೈತಿ ಅದು ಅಂತ ಪುಟಾ ಮುಚ್ಚಬ್ಯಾಡ್ರಿ. ಇದು ಮನಿ ರೊಕ್ಕದ ಮಾತೂ ಹೌದು, ಹೆಣ್ಣ ಹುಡುಗರ ಓದಿನ ಮಾತೂ ಹೌದು.

ಇತ್ತೀಚಿಗೆ ನಮ್ಮ ಬೀಗರಾಗ, ಓಣ್ಯಾಗ ಎಲ್ಲಾ ಒಂದ ಪ್ರಶ್ನಿ ಕೇಳಾಕತ್ತಾರ. ಮನ್ಯಾಗಿನ ಲ್ಯಾಪ್‌ಟಾಪ್ ಹಳೇದಾಗೇತಿ, ಚಾಲೂ ಆಗಾಕ ಹತ್ತ ಮಿನಿಟ ಹಿಡೀತೈತಿ, ಅಂಗಡ್ಯಾಗ ಕೇಳಿದ್ರ ಪ್ರೊಸೆಸರ್ ಬದಲ ಮಾಡಸ್ರಿ ಅಂತಾರ, ಮಾಡಸೂದೇನು? ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಮಾಡಸಬ್ಯಾಡ್ರಿ. ಹೆಚ್ಚಿನ ಲ್ಯಾಪ್‌ಟಾಪಿನ್ಯಾಗ ಅದು ಆಗಂಗೇ ಇಲ್ಲ. ಆಗೂ ಲ್ಯಾಪ್‌ಟಾಪಿನ್ಯಾಗೂ ಆ ರೊಕ್ಕಕ್ಕ ತಕ್ಕ ಫಾಯದಾ ಇಲ್ಲ. ಅದರ ಅರ್ಧಾ ರೊಕ್ಕದಾಗ ಬ್ಯಾರೆ ಎರಡ ಕೆಲಸ ಮಾಡಿಸಿದ್ರ ಅದ ಲ್ಯಾಪ್‌ಟಾಪ್ ಇನ್ನ ಮೂರ್ನಾಕ ವರ್ಷ ಚಲೋ ನಡೀತೈತಿ.

ಆದ್ರ ಈ ಪ್ರಶ್ನಿ ಯಾರ ಲ್ಯಾಪ್‌ಟಾಪಿನ ಸಲುವಾಗಿ ಬರ್ತೈತಿ ಅನ್ನೂದನ್ನೂ ನೋಡಬೇಕ್ರಿ. ನಮ್ಮ ಕಡೆ ಹೊಸಾ ಲ್ಯಾಪ್‌ಟಾಪ್ ಮೊದಲ ಹುಡುಗಂಗ. ಅಂವ ಪುಣೆಕ್ಕೋ ಬೆಂಗಳೂರಿಗೋ ನೌಕರಿಗೆ ಹೋಗ್ತಾನ, ಅಲ್ಲೇ ಹೊಸಾದು ತಗೋತಾನ, ಹಳೇದು ಹಬ್ಬಕ್ಕ ಬರೂಮುಂದ ತಂದು ತಂಗಿಗೆ ಕೊಡ್ತಾನ. ತಂಗಿ ಅಥಣ್ಯಾಗೋ ವಿಜಯಪುರದಾಗೋ ಬಿ.ಕಾಂ ಓದ್ತಿರ್ತಾಳ. ಅಕಿ ಲಗ್ನಾ ಆಗಿ ಹೋದ್ರ ಅದು ಅವ್ವನ ಪಾಲು, ಸ್ವಸಹಾಯ ಸಂಘದ ಲೆಕ್ಕಾ ಬರ್ಯಾಕ. ನಡುವ ಎಲ್ಲೂ ಅದಕ್ಕ ಒಂದ ರೂಪಾಯಿ ಖರ್ಚ ಮಾಡಿರಂಗಿಲ್ಲ. ಆಮ್ಯಾಲ ಸ್ಕಾಲರ್‌ಶಿಪ್ ಅರ್ಜಿ ಹಾಕೂ ಕಡೀ ದಿನ ಅದು ನಡುವ ನಿಂತ್ರ ಹುಡಿಗಿಗೇ ಬೈತೀವಿ, ನಿನಗ ಬರಂಗಿಲ್ಲ, ಮೊದಲ ಮಾಡಬೇಕಿತ್ತು ಅಂತ. ಹುಡಿಗಿಗೆ ಬರ್ತೈತ್ರಿ. ಮಶಿನ್ನಿಗೆ ಬರವಲ್ದು.

ಹಳೇದು ಒಗೀರಿ ಅಂತ ನಾ ಹೇಳಾಕತ್ತಿಲ್ಲ. ನಾವು ಹಳೇ ಸೀರ್ಯಾಗ ಕೌದಿ ಹೊಲಿಯೂ ಮಂದಿ. ಆದ್ರ ಕೌದಿ ಹೊಲಿಯೂಮುಂದ ಯಾವ ತುಂಡು ಗಟ್ಟಿ ಐತಿ, ಎಲ್ಲಿ ಹರದೈತಿ ಅಂತ ಬೆಳಕಿಗೆ ಹಿಡದ ನೋಡ್ತೀವಿ. ಲ್ಯಾಪ್‌ಟಾಪೂ ಹಂಗ ನೋಡಬೇಕು.

ಒಳಗ ಏನ ನಡೀತೈತಿ ಅನ್ನೂದು ನಮ್ಮ ಅಡಗಿ ಮನಿ ಲೆಕ್ಕದಾಗ ಹೇಳ್ತೀನಿ. ಪ್ರೊಸೆಸರ್ ಅಂದ್ರ ಅಡಗಿ ಮಾಡಾಕಿ. ರ್‍ಯಾಮ್ ಅಂದ್ರ ಒಲಿ ಬಾಜೂಕಿನ ಕಟ್ಟಿ, ಈಗ ಬೇಕಾದ ಸಾಮಾನೆಲ್ಲಾ ಅದರ ಮ್ಯಾಲ ಇರ್ತಾವ. ಹಾರ್ಡ್ ಡಿಸ್ಕ್ ಅಂದ್ರ ಹಿಂದಿನ ಖೋಲಿ, ಜ್ವಾಳ, ಬ್ಯಾಳಿ, ಖಾರಾ ಎಲ್ಲಾ ಅಲ್ಲಿ. ಕಟ್ಟಿ ಸಣ್ಣದಿತ್ತಂದ್ರ ಚಿಟಿಕಿ ಅರಿಷಿಣಕ್ಕೂ ಹಿಂದಿನ ಖೋಲಿಗೆ ಹೋಗಬೇಕು. ಆ ಖೋಲಿ ಬಾಗಲಾ ತಗ್ಯಾಕ ಹೊತ್ತ ಹಿಡಿದ್ರ ಅಡಗಿ ಮಾಡಾಕಿ ಎಷ್ಟ ಚುರುಕಿದ್ರೂ ಊಟಾ ತಡಾ ಆಗ್ತೈತಿ. ಆವಾಗ ಅಡಗ್ಯಾಕಿನ್ನ ಬದಲಿ ಮಾಡ್ರಿ ಅಂದ್ರ ಏನ ಉಪಯೋಗ?

ಹಳೇ ಹಾರ್ಡ್ ಡಿಸ್ಕಿನ್ಯಾಗ ಖರೇನ ಒಂದ ತಟ್ಟಿ ತಿರಗತೈತ್ರಿ, ಲ್ಯಾಪ್‌ಟಾಪಿನ್ಯಾಗ ಹೆಚ್ಚಾಗಿ ಮಿನಿಟಿಗೆ 5400 ಸುತ್ತು. ಅದರ ಮ್ಯಾಲ ಒಂದ ಸಣ್ಣ ಕಡ್ಡಿ ಹೋಗಿ ಬಂದು ಬೇಕಾದ್ದನ್ನ ಹುಡಕತೈತಿ. ಒಂದೊಂದ ಸಲ ಹುಡುಕಾಕ ಸೆಕೆಂಡಿನ ನೂರನೇ ಒಂದ ಪಾಲು, ಅದಕ್ಕಿಂತ ಸ್ವಲ್ಪ ಹೆಚ್ಚಿಗಿನೂ ಹಿಡೀತೈತಿ. ಕೇಳಾಕ ಸಣ್ಣದು. ಆದ್ರ ಕಂಪ್ಯೂಟರ್ ಚಾಲೂ ಆಗೂಮುಂದ ಸಾವಿರಾರ ಸಣ್ಣ ಸಣ್ಣ ಫೈಲು ಹಿಂಗ ಹುಡುಕಬೇಕು. ಎಸ್‌ಎಸ್‌ಡಿ ಅನ್ನೂದರಾಗ ತಿರಗೂದು ಏನೂ ಇಲ್ಲ, ಬರೇ ಚಿಪ್ಪು. ಹುಡಕೂ ಕೆಲಸ ಅದರಾಗ ನೂರ ಪಟ್ಟು ಲಗೂ ಆಗ್ತೈತಿ. ಸಾದಾ 2.5 ಇಂಚಿನ ಎಸ್‌ಎಸ್‌ಡಿ ಹಳೇ ಡಿಸ್ಕಿನ ಜಾಗಾದಾಗ ಹಂಗ ಕುಂದರತೈತಿ, ಎರಡ ಸ್ಕ್ರೂ ಬಿಚ್ಚಿ ಹಾಕೂ ಕೆಲಸ.

ನನ್ನ ಮಾತ ನಂಬಬ್ಯಾಡ್ರಿ, ನೀವ ನೋಡ್ರಿ. ಲ್ಯಾಪ್‌ಟಾಪ್ ನಿಧಾನ ಆದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಕೂಡೇ ಒತ್ತರಿ. ಟಾಸ್ಕ್ ಮ್ಯಾನೇಜರ್ ಅಂತ ತೆರೀತೈತಿ. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರ ಸಾಲು, ಅದರ ಮ್ಯಾಲ ಪರ್ಸೆಂಟು ಬರ್ತೈತಿ. ಸಿಪಿಯು ಅಂದ್ರ ಪ್ರೊಸೆಸರ್. ಡಿಸ್ಕ್ 100ಕ್ಕ ಹೋಗಿ ಕೆಂಪಗ ಆಗಿ, ಸಿಪಿಯು 15, 20ರಾಗ ಇತ್ತಂದ್ರ ಅಡಗ್ಯಾಕಿ ಕೈ ಕಟ್ಟಿ ಕುಂತಾಳ, ಸಾಮಾನು ಬಂದಿಲ್ಲ ಅಂತ ಅರ್ಥ. ಮೆಮೊರಿ 90 ದಾಟಿದ್ರ ಕಟ್ಟಿ ಸಾಲವಲ್ದು. ಬ್ಯಾರೆ ಏನೂ ಇಲ್ದ ಸಿಪಿಯು ಒಂದ 100ಕ್ಕ ನಿಂತಿದ್ರ ಮಾತ್ರ ಪ್ರೊಸೆಸರಿನ ಮಾತು ಎತ್ತರಿ. ಅವಾಗೂ ಮೊದಲ ಯಾವ ಪ್ರೋಗ್ರಾಮು ಅಷ್ಟ ತಿನ್ನಾಕತ್ತೈತಿ ಅಂತ ಕೆಳಗಿನ ಯಾದ್ಯಾಗ ನೋಡ್ರಿ, ಒಮ್ಮೊಮ್ಮಿ ವೈರಸ್ಸೂ ಇರ್ತೈತಿ.

ಇನ್ನ ಪ್ರೊಸೆಸರ್ ಬದಲಾಗ್ತೈತೋ ಇಲ್ಲೋ ಅನ್ನೂದು. ಸೆಟ್ಟಿಂಗ್ಸಿನ್ಯಾಗ ಸಿಸ್ಟಮ್, ಅದರಾಗ ಅಬೌಟ್ ಅಂತ ಹೋದ್ರ ಪ್ರೊಸೆಸರಿನ ಹೆಸರು ಸಿಗತೈತಿ. ಇಂಟೆಲ್ ಇದ್ರ ಐ3, ಐ5 ಅಂತಿದ್ದು, ಮುಂದ ನಂಬರು, ಕಡೀಕ ಒಂದ ಅಕ್ಷರ. ಆ ಅಕ್ಷರ ಯು ಇದ್ರ ಮಾತ ಮುಗೀತು. ಅದು ಮದರ್‌ಬೋರ್ಡಿಗೆ ಬೆಸಿಗಿ ಹಾಕಿದ್ದು, ಕಿತ್ತಿ ಬ್ಯಾರೆ ಹಾಕಾಕ ಆಗಂಗಿಲ್ಲ. 2011ರಿಂದ 2014ರ ಸುಮಾರಿನ ಎರಡನೇ, ಮೂರನೇ, ನಾಕನೇ ಪೀಳಿಗಿ ಇಂಟೆಲ್ಲಿನ್ಯಾಗ ಎಂ ಅಕ್ಷರದವು ಬಾಳಷ್ಟು ಸಾಕೆಟ್ಟಿನ್ಯಾಗ ಕುಂತಿರ್ತಾವ, ಅವು ಬದಲಾಗ್ತಾವ. 2015ರ ಐದನೇ ಪೀಳಿಗಿಯಿಂದ ಈಚಿನವು, ಒಂದೆರಡ ಭಾರಿ ಗೇಮಿನ ಲ್ಯಾಪ್‌ಟಾಪ್ ಬಿಟ್ರ, ಎಲ್ಲಾ ಬೆಸಿಗೀವೇ. ಎಎಂಡಿ ಕಂಪನೀದೂ ಈಗ ಹಂಗ ಐತಿ. 2020ರ ಸುಮಾರಿಗೆ ನಮ್ಮ ಸರಕಾರ ಡಿಗ್ರಿ ಕಾಲೇಜಿನ ಹುಡುಗರಿಗೆ ಲ್ಯಾಪ್‌ಟಾಪ್ ಹಂಚಿತ್ತಲ್ಲ, ಆ ಕಾಲದ ಸಾದಾ ಲ್ಯಾಪ್‌ಟಾಪೆಲ್ಲಾ ಇದ ಜಾತಿ.

ಅಂಥಾದ್ದಕ್ಕೂ ಪ್ರೊಸೆಸರ್ ಬದಲ ಮಾಡ್ತೀನಿ ಅಂದ್ರ ಅಂಗಡ್ಯಾಂವ ಬದಲ ಮಾಡೂದು ಇಡೀ ಮದರ್‌ಬೋರ್ಡು. ಅದೂ ಎಲ್ಲೋ ಬಿಚ್ಚಿದ ಹಳೇದು. ನಮ್ಮ ಬೀಗರ ಪೈಕಿ ಒಬ್ಬಾಕಿಗೆ ಹಿಂಗ ಎಂಟ ಸಾವಿರ ಹೇಳಿದ್ರು. ಇನ್ನಷ್ಟ ರೊಕ್ಕ ಕೂಡಿಸಿದ್ರ ಅದಕ್ಕಿಂತ ಚಲೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರ್ತೈತಿ.

ಎಂ ಅಕ್ಷರದ್ದು ಇದ್ರೂ ದಾರಿ ಸಸಾರಿಲ್ಲ. ನಾಕನೇ ಪೀಳಿಗಿ ಚಿಪ್ಪಿನ ಸಾಕೆಟ್ಟೇ ಬ್ಯಾರೆ, ಎರಡನೇದರ ಬೋರ್ಡಿಗೆ ಅದು ಕುಂದರಂಗಿಲ್ಲ. ಎರಡನೇದರ ಜಾಗಾಕ್ಕ ಮೂರನೇದು ಕುಂತ್ರೂ ಬಯೋಸ್ ಅನ್ನೂ ಒಳಗಿನ ಪ್ರೋಗ್ರಾಮು ಅದನ್ನ ಗುರ್ತ ಹಿಡೀಬೇಕು, ಇಲ್ಲಂದ್ರ ಪರದೆ ಕರ್‍ರಗ ನಿಲ್ತೈತಿ. ಇನ್ನ ಕಾವು. ಎರಡನೇ ಪೀಳಿಗಿ ಐ3 ಹೆಚ್ಚಾಗಿ 35 ವ್ಯಾಟಿಂದು, ನಾಕ ಕೋರಿನ ಐ7 45 ವ್ಯಾಟಿಂದು. 35ಕ್ಕಂತ ಮಾಡಿದ ಫ್ಯಾನು, ತಾಮ್ರದ ನಳಿಗಿ 45ರ ಕಾವು ಹೊರಗ ಹಾಕಬೇಕು, ಅದೂ ನಮ್ಮ ತೆಲಸಂಗದ ಏಪ್ರಿಲ್ ಮೇ ಬಿಸಲಾಗ. ಕಾದ ಕೂಡ್ಲೆ ಪ್ರೊಸೆಸರ್ ತಾನಾಗೇ ವೇಗ ಇಳಸತೈತಿ. ಹೊಸಾದರ ರೊಕ್ಕ ಕೊಟ್ಟು ಹಳೇದರ ವೇಗ ತಗೊಂಡಂಗ ಆತು. ಐ3 ತಗದು ಅದ ಪೀಳಿಗಿ, ಅದ 35 ವ್ಯಾಟಿನ ಐ5 ಹಾಕೂದು ನಡೀತೈತಿ. ಮನ್ಯಾಗ ತಿಳದ ಹುಡುಗರಿದ್ದು, ಹಳೇ ಚಿಪ್ಪು ಅಗ್ಗಕ್ಕ ಸಿಕ್ರ ಮಾಡ್ಲಿ, ಕಲಿತಾರ. ಅದು ಹವ್ಯಾಸ. ಸಂಸಾರದ ಖರ್ಚಿನ್ಯಾಗ ಅದನ್ನ ಸೇರಸಬ್ಯಾಡ್ರಿ.

ಹಂಗಾದ್ರ ರೊಕ್ಕ ಎಲ್ಲಿ ಹಾಕೂದು? ನಾ ಹೇಳೂ ಸರತಿ ಇದು.

ಮೊದಲ ಸ್ವಚ್ಛ. ನಮ್ಮ ಕಡೆ ಧೂಳ ಎಷ್ಟ ಅಂತ ನಿಮಗ ಹೇಳಬೇಕಾಗಿಲ್ಲ. ಫ್ಯಾನಿನ ಹಿಂದ ಅರಳಿಯಂಗ ಧೂಳ ಕುಂತಿರ್ತೈತಿ. ಅದನ್ನ ತಗಿಸಿ, ಪ್ರೊಸೆಸರಿನ ಮ್ಯಾಲಿನ ಒಣಗಿದ ಪೇಸ್ಟ್ ಒರಿಸಿ ಹೊಸಾದು ಹಚ್ಚಸ್ರಿ. ಕೆಲವು ನೂರ ರೂಪಾಯಿ ಕೆಲಸ. ಹಾಸಿಗಿ, ಕೌದಿ ಮ್ಯಾಲ ಇಟ್ಟು ನಡಸೂದು ಬಿಡ್ರಿ, ಕೆಳಗಿನ ಗಾಳಿ ತೂತು ಮುಚ್ಚತಾವ.

ಎರಡನೇದು ಎಸ್‌ಎಸ್‌ಡಿ. ಮೂರನೇದು ರ್‍ಯಾಮ್, 4 ಜಿಬಿ ಇದ್ರ 8 ಮಾಡಸ್ರಿ. ಡಿಡಿಆರ್3ರ ಜಾಗಾಕ್ಕ ಡಿಡಿಆರ್4 ಕುಂದರಂಗಿಲ್ಲ, ಅದಕ್ಕ ಹಳೇದನ್ನ ತೋರಿಸಿ ತಗೋರಿ. ಕೆಲವು ತೆಳ್ಳನ್ನ ಲ್ಯಾಪ್‌ಟಾಪಿನ್ಯಾಗ ರ್‍ಯಾಮೂ ಬೆಸಿಗಿ ಹಾಕಿರ್ತಾರ, ಸ್ಲಾಟ್ ಐತೇನು ಅಂತ ಮೊದಲ ಕೇಳ್ರಿ. ವಿಂಡೋಸ್ 32 ಬಿಟ್ಟಿಂದಿದ್ರ 4 ಜಿಬಿ ಮ್ಯಾಲಿನ ರ್‍ಯಾಮ್ ಹಾಕಿದ್ರೂ ಉಪಯೋಗ ಇಲ್ಲ, 64 ಬಿಟ್ ಹಾಕಸಬೇಕು. ಮೆಮೊರಿ ಚಿಪ್ಪಿನ ರೇಟು ಏರಿಳಿತಾ ಇರ್ತೈತಿ, ಎರಡ ಅಂಗಡ್ಯಾಗ ಕೇಳಿ ತಗೋರಿ.

ಬ್ಯಾಟರಿ ಉಬ್ಬಿತ್ತಂದ್ರ ಮಾತ್ರ ಇದ್ಯಾವುದಕ್ಕೂ ಕಾಯಬ್ಯಾಡ್ರಿ. ಚಾರ್ಜಿಗೆ ಹಾಕೂದು ನಿಲ್ಲಿಸಿ ಅವತ್ತೇ ತಗಸ್ರಿ.

ಪ್ರೊಸೆಸರ್ ಹಾಕಿಸಿದ್ರ ವಿಂಡೋಸ್ 11 ಬರ್ತೈತಿ ಅಂತ ಹೇಳಾವ್ರೂ ಅದಾರ. 2025ರ ಅಕ್ಟೋಬರ್ 14ಕ್ಕ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸೈತಿ, ಅದು ಖರೇ. ಆದ್ರ ವಿಂಡೋಸ್ 11ಕ್ಕ ಇಂಟೆಲ್ಲಿಂದಾದ್ರ ಹೆಚ್ಚುಕಮ್ಮಿ ಎಂಟನೇ ಪೀಳಿಗಿ, ಅದರ ಮುಂದಿಂದು ಬೇಕು, ಜೋಡಿಗೆ ಟಿಪಿಎಂ 2.0 ಅನ್ನೂ ಭದ್ರತಾ ವ್ಯವಸ್ಥಾ ಬೇಕು. ಸಾಕೆಟ್ಟಿನ ಲ್ಯಾಪ್‌ಟಾಪು ನಾಕನೇ ಪೀಳಿಗಿಗೇ ಮುಗೀತಾವ. ಅದಕ್ಕ ಎಷ್ಟ ದೊಡ್ಡ ಐ7 ಹಾಕಿದ್ರೂ ಆ ಯಾದಿಗೆ ಸೇರಂಗಿಲ್ಲ. ಹಳೇದ್ದಕ್ಕ ದಾರಿ ಅಂದ್ರ ಲಿನಕ್ಸ್ ಮಿಂಟ್, ಉಬುಂಟು ಇಂಥಾವು. ಪುಕ್ಕಟ ಸಿಗತಾವ, ಅಪ್‌ಡೇಟ್ ಬರ್ತಾವ, ಕನ್ನಡ ಟೈಪ್ ಮಾಡಾಕ ಕಗಪ ಕೀಲಿಮಣಿನೂ ಅದರಾಗ ಐತಿ. ಅರ್ಜಿ, ಯೂಟ್ಯೂಬ್ ಪಾಠ, ಪತ್ರ, ಲೆಕ್ಕದ ಹಾಳಿಗೆ ಸಾಕು. ಟ್ಯಾಲಿ ಕಲ್ಯಾಕ ವಿಂಡೋಸೇ ಚಲೋ, ಅದನ್ನ ಮೊದಲ ಹುಡಿಗಿನ್ನ ಕೇಳಿ ನಿರ್ಧಾರ ಮಾಡ್ರಿ.

ಅಂಗಡಿಗೆ ಹೋಗೂಮುಂದ ಮೂರ ಮಾತ ನೆನಪಿಡ್ರಿ. ಫೋಟೋ, ಆಧಾರ್, ಮಾರ್ಕ್ಸ್ ಕಾರ್ಡಿನ ಕಾಪಿ ಎಲ್ಲಾ ಪೆನ್ ಡ್ರೈವಿಗೆ ತಕ್ಕೊಂಡ ಹೋಗ್ರಿ. ತಗದ ಹಳೇ ಡಿಸ್ಕ್ ಅಲ್ಲಿ ಬಿಡಬ್ಯಾಡ್ರಿ, ಅದು ನಿಮ್ಮದು, ಅದರಾಗ ನಿಮ್ಮ ಮನಿ ಫೋಟೋ ಅದಾವ. ಅದಕ್ಕ ಒಂದ ಯುಎಸ್‌ಬಿ ಡಬ್ಬಿ ಹಾಕಿಸಿದ್ರ ಫೋಟೋ ಇಡಾಕ ಆಗ್ತೈತಿ. ಮತ್ತ ಕೆಲಸಾ ನಿಮ್ಮ ಕಣ್ಣ ಮುಂದ ಮಾಡಸ್ರಿ, ಬಿಲ್ಲಿನ ಮ್ಯಾಲ ಏನ ಹಾಕ್ಯಾರ ಅನ್ನೂದನ್ನ ಬರಸ್ರಿ. ಬಂಗಾರದ ಅಂಗಡ್ಯಾಗ ತೂಕದ ಮುಂದ ನಿಂತ ನೋಡಾವ್ರು ನಾವು, ಇಲ್ಲಿ ಯಾಕ ಅಂಜಬೇಕು?

ಎಲ್ಲಾ ಹಳೇ ಲ್ಯಾಪ್‌ಟಾಪಿಗೂ ರೊಕ್ಕ ಹಾಕ್ರಿ ಅಂತ ನನ್ನ ಮಾತಲ್ಲ. ಮಗಳು ಎಂಜಿನಿಯರಿಂಗ್ ಸೇರ್‍ಯಾಳ, ಅಕಿಗೆ ಕಟ್ಟಡದ ನಕ್ಷಿ ಬಿಡಸೂ ಸಾಫ್ಟ್‌ವೇರ್ ನಡಸಬೇಕಾಗೇತಿ ಅಂದ್ರ ಹತ್ತ ವರ್ಷದ ಐ3ಗೆ ಏನ ಮಾಡಿದ್ರೂ ಸಾಲಂಗಿಲ್ಲ. ಅಲ್ಲಿ ಪ್ರೊಸೆಸರಿನ ಕೊರತೆ ಖರೇ ಐತಿ. ಆವಾಗ ಹೊಸಾದ ತಗೋಬೇಕು, ಅಣ್ಣಗ ತಗೊಂಡಂಗ ಅಕಿಗೂ ತಗೋಬೇಕು. ಅಣ್ಣನ ಹಳೇದು ಐತೆಲ್ಲ ಅಂತ ನಡಸಬಾರ್ದು.

ಬಿ.ಎ, ಬಿ.ಕಾಂ ಹುಡಿಗಿಗೆ, ಸಂಘದ ಲೆಕ್ಕಾ ಬರಿಯೂ ಅಕ್ಕಗ ಹಳೇದು ಸಾಕಾಗ್ತೈತಿ, ಆದ್ರ ರಿಪೇರಿ ಮಾಡಿಸಿ ಕೊಡಬೇಕು. ಹಬ್ಬಕ್ಕ ಮಗ ಹಳೇ ಲ್ಯಾಪ್‌ಟಾಪ್ ತಂದಾಗ ಹೇಳ್ರಿ, ಎಸ್‌ಎಸ್‌ಡಿ ಹಾಕಿಸಿ ಕೊಡಪಾ ತಂಗಿಗೆ, ಆ ಖರ್ಚ ನಿಂದು ಅಂತ. ಇವತ್ತ ಸಂಜೀಕ ಮನ್ಯಾಗಿನ ಲ್ಯಾಪ್‌ಟಾಪ್ ಚಾಲೂ ಮಾಡಿ ಆ ಮೂರ ಕೀಲಿ ಒತ್ತಿ ನೋಡ್ರಿ. ಯಾವುದು ಕೆಂಪಗ ಆಗೇತಿ ಅಂತ ನನಗ ತಿಳಸ್ರಿ, ಮುಂದ ಏನ ಮಾಡೂದು ಕೂಡೇ ನೋಡೂಣು.